ಹುಚ್ಚಯ್ಯನ ತಲೆಯ ಅಳತೆ

ಹುಚ್ಚಯ್ಯನ ತಲೆ ನೂರ ಎಂಬತ್ತಾರು ಮಿಲಿಮೀಟರ್ ಉದ್ದ, ನೂರ ನಲವತ್ತೆರಡು ಅಗಲ. ಮೂಗು ನಲವತ್ತೇಳು ಉದ್ದ, ಮೂವತ್ತೊಂಬತ್ತು ಅಗಲ. ಇದನ್ನೆಲ್ಲ ಬರೆದುಕೊಂಡವನು ನಾನು, ೧೯೫೨ರ ಫೆಬ್ರವರಿಯಲ್ಲಿ, ನೀಲಿ ಶಾಯಿಯಲ್ಲಿ, ಮುತ್ತು ಪೋಣಿಸಿದ ಹಾಗಿನ ಅಕ್ಷರದಲ್ಲಿ. ಆ ತಲೆಯೊಳಗೆ ಏನಿದೆ ಅಂತ ಬರೆಯಲು ನಮ್ಮ ಫಾರಂನಲ್ಲಿ ಕಾಲಂ ಇರಲಿಲ್ಲ. ಇದ್ದಿದ್ದರೂ ನಾನು ಖಾಲಿ ಬಿಡುತ್ತಿದ್ದೆ, ಅಂಥ ಮೂರ್ಖ. ಹದಿನೇಳು ವರ್ಷವಾಯಿತು, ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ.

ನನ್ನ ಹೆಸರು ನಾಗಕುಮಾರ. ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ, ಬೆಳಗೊಳದ ಬೆಟ್ಟ ಕಾಣುವಷ್ಟು ಹತ್ತಿರದ ಒಂದು ಜೈನರ ಮನೆಯಲ್ಲಿ ಹುಟ್ಟಿದವನು. ಮೈಸೂರಿನಲ್ಲಿ ಬಿ.ಎ. ಮುಗಿಸಿ ಅರಕಲಗೂಡಿನಲ್ಲಿ ಮೇಷ್ಟ್ರಾಗಿದ್ದೆ. ಆಗ ಗಂಗಾಧರಯ್ಯ ಅಂತ ಒಬ್ಬ ವಿದ್ವಾಂಸರು ಬಂದರು. ಮಾನವಶಾಸ್ತ್ರ ಓದಿದವರು, ಉತ್ತರದ ಕಡೆ ಬೆಳೆದು ಕನ್ನಡ ಅಷ್ಟಾಗಿ ಬಾರದವರು. ಮನುಷ್ಯರ ತಲೆ, ಮೂಗು, ದವಡೆ ಅಳೆದು ಒಟ್ಟು ಹಾಕಿದರೆ ಯಾವ ಜಾತಿ ಯಾವ ಬುಡದಿಂದ ಬಂತು ಅಂತ ಹೇಳಬಹುದು ಎಂಬುದು ಅವರ ನಂಬಿಕೆ. ಹೊರದೇಶಗಳಲ್ಲಿ ಆ ಶಾಸ್ತ್ರಕ್ಕೆ ಆಗಲೇ ಮಣ್ಣು ಹಾಕಿದ್ದರಂತೆ, ನಮ್ಮ ಕಡೆಗೆ ಸುದ್ದಿ ಬಂದಿರಲಿಲ್ಲ. ಅವರಿಗೆ ಇಂಗ್ಲಿಷೂ ಹಳ್ಳಿಯ ಮಾತೂ ಎರಡೂ ಗೊತ್ತಿರುವ ಹುಡುಗ ಬೇಕಿತ್ತು. ನಾನು ಹಾರಿ ಬಿದ್ದು ಒಪ್ಪಿಕೊಂಡೆ.

ಮಲ್ಲಿಪಟ್ಟಣದ ಹೋಬಳಿಯಲ್ಲಿ ಬಸರಿಕೊಪ್ಪಲು ಅಂತ ಒಂದು ಊರು. ಅಲ್ಲಿನ ಪಟೇಲ ಬೋರಪ್ಪನವರು ನಮಗೆ ಊಟ, ವಸತಿ ಎರಡನ್ನೂ ಕೊಟ್ಟರು. ಅಳತೆಯೂ ಅವರ ಮನೆ ಮುಂದಿನ ಬಸರಿ ಮರದ ಕೆಳಗೇ ಆಯಿತು. ಹೊಲಗೇರಿಯ ಮೂವತ್ತು ಗಂಡಸರನ್ನು ಪಟೇಲರೇ ಕರೆಸಿ ಸಾಲಾಗಿ ನಿಲ್ಲಿಸಿದರು. ಗಂಗಾಧರಯ್ಯನವರು ಮಖಮಲ್ಲು ಹೊದಿಸಿದ ಪೆಟ್ಟಿಗೆ ತೆರೆದು ಉಕ್ಕಿನ ಇಕ್ಕಳದಂಥ ಒಂದು ಸಾಧನ ತೆಗೆದರು. ಒಬ್ಬೊಬ್ಬನ ತಲೆಗೂ ಅದನ್ನು ಹಿಡಿದು ಅಂಕಿ ಹೇಳುವರು, ನಾನು ಬರೆಯುವೆ, ಆಮೇಲೆ ಸ್ಪಿರಿಟ್ ಹಚ್ಚಿದ ಹತ್ತಿಯಲ್ಲಿ ಇಕ್ಕಳ ಒರೆಸುವರು. ಒರೆಸುವುದನ್ನು ಆ ಮೂವತ್ತು ಜನವೂ ನೋಡುತ್ತಿದ್ದರು.

ಹನ್ನೆರಡನೆಯವನು ಹುಚ್ಚಯ್ಯ. ನಲವತ್ತೆಂಟರ ಆಸುಪಾಸು, ಗಟ್ಟಿ ಆಳು, ಮಾತು ಕಡಿಮೆ. ಊರಿನ ಕುಳವಾಡಿ. ಊರಿನ ಚಾಕರಿಯೆಲ್ಲ ಅವನ ಮೇಲೆ. ತಮಟೆ ಹೊಡೆದು ಸಾರುವುದು, ಸಾವಿನ ಸುದ್ದಿ ಹೊತ್ತು ಹತ್ತು ಮೈಲಿ ಓಡುವುದು, ಸರ್ವೆಯವರು ಬಂದರೆ ಕಲ್ಲು ತೋರಿಸುವುದು. ಅದಕ್ಕೆ ಪ್ರತಿಯಾಗಿ ಕಾಲುವೆ ಕೆಳಗೆ ಒಂದೂವರೆ ಎಕರೆ ಗದ್ದೆ ಅವನ ಮುತ್ತಜ್ಜನ ಕಾಲದಿಂದ ಅವರ ಮನೆಗೆ ಬಂದಿತ್ತು. ಕುಳವಾಡಿ ಗದ್ದೆ ಅಂತಲೇ ಅದರ ಹೆಸರು.

ಅಳತೆ ಮುಗಿದ ಮೇಲೆ ಇಪ್ಪತ್ತೊಂಬತ್ತು ಪ್ರಶ್ನೆಗಳ ಫಾರಂ. ಗಂಗಾಧರಯ್ಯನವರು ಇಂಗ್ಲಿಷಿನಲ್ಲಿ ಕೇಳುವರು, ನಾನು ಕನ್ನಡದಲ್ಲಿ ಕೇಳುವೆ. ಪಟೇಲರು ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

"ನೀನಿರೋ ಗುಡಿಸಲು ಯಾರದು?" ಅಂದೆ.

ಹುಚ್ಚಯ್ಯ ಪಟೇಲರ ಕಡೆ ತಿರುಗಿ ಕೈ ಮುಗಿದ. "ಗೌಡ್ರುದೇ ಬುದ್ದಿ."

"ಮಕ್ಕಳು ಎಷ್ಟು?"

ಅವನ ಹಿಂದೆ, ಅವನ ಪಂಚೆಯ ತುದಿ ಹಿಡಿದು ಒಂಬತ್ತು ವರ್ಷದ ಮಗಳು ಮಾಯಮ್ಮ ನಿಂತಿದ್ದಳು. "ಇದೊಂದೇಯ. ಅದೂ ಗೌಡ್ರ ಮಗ್ಳೇ ಬುದ್ದಿ."

ಪಟೇಲರು ನಕ್ಕರು, ನಾನೂ ನಕ್ಕೆ. ಅರ್ಥವಾಗದ ಗಂಗಾಧರಯ್ಯನವರಿಗೆ ವಿವರಿಸಿದೆ, ಅವರೂ ನಕ್ಕರು. ಫಾರಂನಲ್ಲಿ 'ಒಬ್ಬಳು ಮಗಳು' ಅಂತ ಬರೆದೆವು.

"ಉಳೋ ಗದ್ದೆ ಯಾರದು?"

"ಅದೂ ಗೌಡ್ರುದೇ ಬುದ್ದಿ. ನಾನು ಗೇಯೋನು."

ಇದಕ್ಕೆ ಯಾರೂ ನಗಲಿಲ್ಲ. ನಾನು ಇಂಗ್ಲಿಷಿಗೆ ತಿರುಗಿಸಿದೆ, ಗಂಗಾಧರಯ್ಯನವರು ತಲೆಯಾಡಿಸಿದರು, ಅದು ವರದಿಗೆ ಹೋಯಿತು. "ಬಸರಿಕೊಪ್ಪಲಿನ ಕುಳವಾಡಿ ಹುಚ್ಚಯ್ಯನು ತಾನು ಉಳುವ ಭೂಮಿ ಪಟೇಲರದೆಂದೂ ತಾನು ಕೇವಲ ದುಡಿಯುವವನೆಂದೂ ತಿಳಿಸಿದನು." ವಾಕ್ಯ ನನ್ನದೇ. ಅವರು ಒಂದು ಅಲ್ಪವಿರಾಮವನ್ನೂ ಬದಲಿಸಲಿಲ್ಲ. ಆ ದಿನ ನನಗೆ ಅದು ಹೆಮ್ಮೆಯ ವಿಷಯವಾಗಿತ್ತು.

ಆ ಕಡೆಯ ಹಳ್ಳಿಗಳಲ್ಲಿ ಗೌಡರ ಎದುರು ಹೊಲಗೇರಿಯವರು 'ನಂದು' ಅನ್ನುವಂತಿಲ್ಲ. ಅದು ಸುಳ್ಳೂ ಅಲ್ಲ, ಹೆದರಿಕೆಯೂ ಅಷ್ಟಾಗಿ ಅಲ್ಲ. ಊರೊಳಗೆ ಬರುವಾಗ ಕೆರ ಬಿಟ್ಟು ಬರುವ ಹಾಗೆ ಅದೊಂದು ಕಟ್ಟಳೆ. ಕೇಳಿದವರಿಗೂ ಗೊತ್ತು, ಹೇಳಿದವರಿಗೂ ಗೊತ್ತು, ಯಾರೂ ಅದನ್ನು ಮಾತು ಅಂತ ಎಣಿಸುವುದಿಲ್ಲ. ನನಗೂ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಮಗಳ ವಿಚಾರದಲ್ಲಿ ನಕ್ಕೆ. ಗದ್ದೆಯ ವಿಚಾರಕ್ಕೆ ಬಂದಾಗ ಆ ಗೊತ್ತು ಎಲ್ಲಿ ಸತ್ತಿತ್ತೋ ಕಾಣೆ. ನೋಡಿ, ಇಷ್ಟು ಹೊತ್ತೂ ನಾನು 'ಅವನು, ಅವನು' ಅಂತಲೇ ಬರೆದಿದ್ದೇನೆ. ನನಗಿಂತ ಇಪ್ಪತ್ತಮೂರು ವರ್ಷಕ್ಕೆ ದೊಡ್ಡವರು. ಇದೂ ಅದೇ ಕಟ್ಟಳೆ, ನನ್ನ ಕೈಗೂ ಅಂಟಿದೆ. ಇನ್ನು ಮುಂದೆ ಅವರು ಅಂತಲೇ ಬರೆಯುತ್ತೇನೆ.

ಅಚ್ಚಾದ ವರದಿಯ ಒಂದು ಪ್ರತಿಯನ್ನು ಗಂಗಾಧರಯ್ಯನವರು ಆತಿಥ್ಯಕ್ಕೆ ವಂದನೆ ಬರೆದು ಪಟೇಲರಿಗೆ ಕಳಿಸಿದರು. ಪಟೇಲರಿಗೆ ಇಂಗ್ಲಿಷ್ ಬಾರದು. ಆದರೂ ಅದನ್ನು ಹಳದಿ ಬಟ್ಟೆಯಲ್ಲಿ ಸುತ್ತಿ, ಪತ್ರಗಳ ಪೆಟ್ಟಿಗೆಯಲ್ಲಿಟ್ಟರು. ಹುಚ್ಚಯ್ಯನವರಿಗೆ ಯಾರೂ ಏನೂ ಕಳಿಸಲಿಲ್ಲ.

ಐವತ್ತೆಂಟರಲ್ಲಿ ಬಸರಿಕೊಪ್ಪಲಿಗೂ ಪಕ್ಕದೂರಿಗೂ ಕೆರೆಯ ಅಂಗಳದ ಬಗ್ಗೆ ಜಗಳವಾಯಿತು. ಎಲ್ಲೆಯ ಕಲ್ಲುಗಳು ಕಿತ್ತುಹೋಗಿದ್ದವು. ಎರಡೂ ಊರಿನ ಹಿರಿಯರು ಹಳೆಯ ಪದ್ಧತಿಗೇ ಹೋಗೋಣ ಅಂದರು. ಕುಳವಾಡಿ ಸ್ನಾನ ಮಾಡಿ, ಒದ್ದೆ ಬಟ್ಟೆಯಲ್ಲಿ, ಊರಿನ ಮಣ್ಣಿನ ಒಂದು ದೊಡ್ಡ ಮುದ್ದೆಯನ್ನು ತಲೆಯ ಮೇಲೆ ಹೊತ್ತು ಎಲ್ಲೆಯ ಉದ್ದಕ್ಕೂ ನಡೆಯಬೇಕು. ಮುದ್ದೆಯ ನಡುವೆ ಗುಳಿ ಮಾಡಿ ನೀರು ತುಂಬಿರುತ್ತಾರೆ. ಎಲ್ಲೆ ತಪ್ಪಿ ನಡೆದರೆ ಮುದ್ದೆ ಒಡೆಯುತ್ತದೆ ಅಂತ ನಂಬಿಕೆ. ರಜೆ ಇತ್ತು, ನಾನೂ ನೋಡಲು ಹೋಗಿದ್ದೆ. ಹುಚ್ಚಯ್ಯನವರು ಕತ್ತು ಅಲುಗಿಸದೆ ಎರಡು ಮೈಲಿ ನಡೆದರು. ಲಂಟಾನದ ಪೊದೆ ಬಂದರೆ ಪೊದೆಯೊಳಗೇ ಹೋದರು, ಕಾಲೆಲ್ಲ ತರಚಿ ರಕ್ತ. ಮುದ್ದೆಯಲ್ಲಿ ಒಂದು ಬಿರುಕು ಬೀಳಲಿಲ್ಲ. ಅವರು ನಡೆದ ದಾರಿಯೇ ಎಲ್ಲೆ ಅಂತ ಎರಡು ಊರೂ ಒಪ್ಪಿದವು, ಬೋರಪ್ಪನವರೇ ಮುಂದೆ ನಿಂತು ಕಲ್ಲು ನೆಡಿಸಿದರು.

ಆಮೇಲೆ ನಾನು ಕೇಳಿದೆ, ಹೇಗೆ ಗೊತ್ತಾಗುತ್ತೆ ಅಂತ.

"ನಮ್ಮಪ್ಪ ನಡ್ಸಿದ್ದ ಕಣ್ ಮೇಷ್ಟ್ರೇ, ಚಿಕ್ಕೋನಿದ್ದಾಗ. ಒಂದೊಂದ್ ಕಲ್ಲಿನ್ ತಾವೂ ಒಂದೊಂದ್ ಏಟು ಕೊಡೋನು ಬೆನ್ ಮೇಲೆ. ಏಟು ಮರ್ತೋಯ್ತದಾ?"

ಊರಿನ ನಾಲ್ಕು ದಿಕ್ಕಿನ ಎಲ್ಲೆಗೆ ಆ ತಲೆ ಸಾಕ್ಷಿ. ಅದೇ ತಲೆ ತನ್ನ ಒಂದೂವರೆ ಎಕರೆಗೆ ಸಾಕ್ಷಿಯಾಗಲಿಲ್ಲ ಅಂದರೆ ಇಂಥ ಊರಿಗೆ ಏನು ಹೇಳಬೇಕು ನೀವೇ ಹೇಳಿ.

ಅರವತ್ತಮೂರರಲ್ಲಿ ಸರ್ಕಾರದ ಕಾನೂನು ಬಂತು. ಪಟೇಲ, ಶಾನುಭೋಗ, ಕುಳವಾಡಿ, ಇಂಥ ಪರಂಪರೆಯ ಹುದ್ದೆಗಳೆಲ್ಲ ರದ್ದು. ಆ ಹುದ್ದೆಗಳಿಗೆಂದು ಬಿಟ್ಟಿದ್ದ ಇನಾಂ ಭೂಮಿಯನ್ನು ಚಾಕರಿ ಮಾಡಿಕೊಂಡು ಬಂದ ಮನೆಯವರು ಅರ್ಜಿ ಕೊಟ್ಟರೆ ಅವರ ಹೆಸರಿಗೇ ಸ್ವಂತವಾಗಿ ಕೊಡಬೇಕು. ಹೊಳೆನರಸೀಪುರದಿಂದ ಮಾಯಮ್ಮ ಆ ಸುದ್ದಿ ತಂದಳು. ಅದಕ್ಕೆ ಎಷ್ಟೋ ವರ್ಷ ಮೊದಲೇ ನಾನು ಹೊಳೆನರಸೀಪುರದ ಶಾಲೆಗೆ ಬಂದಿದ್ದೆ. ಸೋದರತ್ತೆಯ ಮನೆಯಲ್ಲಿದ್ದುಕೊಂಡು ನನ್ನ ಕೈಕೆಳಗೇ ಏಳನೇ ಕ್ಲಾಸಿನವರೆಗೆ ಓದಿದವಳು ಅವಳು. ಓದು ಬಿಟ್ಟ ಮೇಲೆ ಅಲ್ಲೇ ಒಂದು ಅಕ್ಕಿ ಗಿರಣಿಯಲ್ಲಿ ಕೂಲಿ ಮಾಡುತ್ತಿದ್ದಳು. ಅವಳೇ ಅರ್ಜಿ ಬರೆದು, ಅಪ್ಪನ ಹೆಬ್ಬೆಟ್ಟು ಒತ್ತಿಸಿ ಕಳಿಸಿದಳು.

ಅರ್ಜಿ ಹೋದ ಮೇಲೆ ಗೊತ್ತಾಯಿತು, ಕಡತದಲ್ಲಿ 'ಕುಳವಾಡಿ ಇನಾಂ' ಅಂತ ಇದೆಯೇ ಹೊರತು ಹುಚ್ಚಯ್ಯ ಅಂತ ಹೆಸರಿಲ್ಲ. ಅನುಭವದಾರ ಅನ್ನುವ ಜಾಗದಲ್ಲಿ ಬೋರಪ್ಪನವರ ಹೆಸರು ಯಾವಾಗಲೋ ಬಂದು ಕೂತಿದೆ. ಹುಚ್ಚಯ್ಯ ನಮ್ಮ ಆಳು, ಚಾಕರಿಯನ್ನು ನಾವೇ ಮಾಡಿಸುತ್ತಿದ್ದೆವು ಅಂತ ಪಟೇಲರು ತಕರಾರು ಹಾಕಿದರು. ವಿಚಾರಣೆ ಮುಂದಕ್ಕೆ ಹೋಗುತ್ತಾ ಮೂರು ವರ್ಷ ಎಳೆಯಿತು.

ಈ ಮಧ್ಯೆಯೇ, ಅರವತ್ತನಾಲ್ಕರಲ್ಲಿ, ದಾಕ್ಷಾಯಣಮ್ಮ ಬಂದರು. ಅವರೂ ಮಾನವಶಾಸ್ತ್ರದವರೇ, ಆದರೆ ಹೊಸ ಕಾಲದವರು, ವಿಲಾಯಿತಿಯಲ್ಲಿ ಓದಿದವರು. ಹಳೆಯ ಪರಿಚಯ ಹಿಡಿದು ನನ್ನನ್ನೇ ಹುಡುಕಿಕೊಂಡು ಬಂದರು. ಇಕ್ಕಳ ಇಲ್ಲ, ಫಾರಂ ಇಲ್ಲ. ಬಸರಿಕೊಪ್ಪಲಿನಲ್ಲಿ ಹದಿಮೂರು ತಿಂಗಳು ಇದ್ದರು. ಹೊಲಗೇರಿಯಲ್ಲಿ ಚಾಪೆ ಮೇಲೆ ಕೂತು ಮುದ್ದೆ ಉಂಡರು, ಪೈರು ನಾಟಿಗೆ ಇಳಿದರು. ಅವರು ಒಳ್ಳೆಯವರು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಸಿಟ್ಟು ಕೆಟ್ಟವರ ಮೇಲೆ ಮಾತ್ರ ಇದ್ದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ಒಂದು ಸಂಜೆ ಕೆರೆ ಏರಿಯ ಮೇಲೆ ಕೂತು ನಮಗೆ ತಮ್ಮ ಶಾಸ್ತ್ರದ ಕತೆ ಹೇಳಿದರು. ಹುಚ್ಚಯ್ಯನವರೂ ಇದ್ದರು, ಊರಿಗೆ ಬಂದಿದ್ದ ಮಾಯಮ್ಮನೂ ಇದ್ದಳು. ಮೊದಲಿನವರು ತಲೆ ಅಳೆದು ಜನರನ್ನು ಮೇಲು ಕೀಳು ಅಂತ ಜೋಡಿಸಿದರು, ಅದು ತಪ್ಪು ಅಂತ ಈಗ ಎಲ್ಲರೂ ಒಪ್ಪಿದ್ದಾರೆ. ಆಮೇಲೆ ನಮ್ಮ ಗುರುಗಳ ಕಾಲದವರು ಬಂದರು. ಹಳ್ಳಿ ಒಂದು ದೇಹದ ಹಾಗೆ, ಒಂದೊಂದು ಜಾತಿ ಒಂದೊಂದು ಅಂಗ, ಎಲ್ಲ ಸೇರಿ ಬದುಕು ನಡೆಯುತ್ತದೆ ಅಂದರು. ಈಗ ನಾವು ಅದನ್ನೂ ಪ್ರಶ್ನೆ ಮಾಡುತ್ತಿದ್ದೇವೆ. ಜನ ತಮ್ಮ ಬಾಳನ್ನು ತಾವೇ ಹೇಗೆ ನೋಡುತ್ತಾರೆ ಅಂತ ಕೇಳಿಸಿಕೊಳ್ಳಬೇಕು. ಹೀಗೆ ಹೇಳುವಾಗ ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು.

ಮಾಯಮ್ಮ ಕೇಳಿದಳು, "ಊರು ಮೈ ಅಂದ್ರಲ್ಲ, ಅದ್ರಲ್ಲಿ ನಾವು ಯಾವ ಅಂಗ? ಪಾದ ತಾನೇ?"

ದಾಕ್ಷಾಯಣಮ್ಮ ತಡವರಿಸಿದರು. "ಅದು ನಾನು ಹೇಳಿದ್ದಲ್ಲ, ಹಿಂದಿನವರು..."

"ಯಾರ್ ಏಳುದ್ರೂ ಅಷ್ಟೇಯ. ನೋವಾಯ್ತದಾ ಅಂತ ಮೈನ ಕೇಳುದ್ರೆ ಮೈಗೇನ್ ಗೊತ್ತು, ಪಾದನ ಕೇಳ್ಬೇಕಿತ್ತು."

"ಸುಮ್ಕಿರು ಮಗ, ಅಮ್ಮಾವ್ರು ಕೇಳೋಕೇ ಬಂದವ್ರೆ," ಅಂದರು ಹುಚ್ಚಯ್ಯ.

ನಿಜ, ಅವರು ಕೇಳಲೇ ಬಂದಿದ್ದರು. ಪಟೇಲರಿಲ್ಲದ ಕಡೆ, ಗದ್ದೆಯ ಬದುವಿನಲ್ಲೇ ಕೂತು ಕೇಳಿದರು. ಅಲ್ಲಿ ಹುಚ್ಚಯ್ಯನವರು ಎಲ್ಲ ಹೇಳಿದರು. ಗದ್ದೆ ಯಾವ ಅಜ್ಜನಿಗೆ ಬಂತು, ಯಾವ ಬರದಲ್ಲಿ ಬೀಳು ಬಿತ್ತು, ಎಲ್ಲೆಲ್ಲಿ ಕಲ್ಲು. ನಾಲ್ಕು ತಲೆಮಾರು. ದಾಕ್ಷಾಯಣಮ್ಮ ಒಂದಕ್ಷರ ಬಿಡದೆ ಬರೆದುಕೊಂಡರು. ಹೊರಡುವಾಗ ತಮ್ಮ ಪ್ರಬಂಧದ ಟೈಪು ಮಾಡಿದ ಒಂದು ಪ್ರತಿಯನ್ನು ಪ್ರೀತಿಯಿಂದ ನನಗೆ ಕೊಟ್ಟರು. ಬಸ್ಸಿನಲ್ಲೇ ಬಿಚ್ಚಿ ನೋಡಿದೆ. ಐದನೇ ಅಧ್ಯಾಯದಲ್ಲಿ ಗದ್ದೆಯ ಕತೆ ಹನ್ನೊಂದು ಪುಟ, ಎಲ್ಲ ಸರಿಯಾಗಿತ್ತು. ನನ್ನ ಎದೆ ಹಗುರವಾಯಿತು. ನಾನು ಮಾಡಿದ ತಪ್ಪನ್ನು ಇನ್ನೊಬ್ಬರು ಬಂದು ತೊಳೆದರು ಅಂತ ಸಮಾಧಾನ ಮಾಡಿಕೊಂಡೆ.

ಅರವತ್ತಾರರ ನವೆಂಬರ್‌ನಲ್ಲಿ ಬೋರಪ್ಪನವರು ಹೊಳೆನರಸೀಪುರದ ನಮ್ಮ ಮನೆಗೆ ಬಂದರು, ಒಂದು ಬಾಳೆಗೊನೆ ಹಿಡಿದುಕೊಂಡು. ಹಳದಿ ಬಟ್ಟೆ ಬಿಚ್ಚಿ ಆ ವರದಿ ತೋರಿಸಿದರು. ಹಾಸನದಲ್ಲಿ ಯಾರೋ ವಕೀಲರು ಓದಿ ಹೇಳಿದ್ದರಂತೆ.

"ನಾಗಕುಮಾರ ಮೇಷ್ಟ್ರೇ, ವಿಚಾರಣೆ ಬರೋ ತಿಂಗಳು, ಮಲ್ಲಿಪಟ್ಟಣದಲ್ಲಿ. ಬಂದು ಇದು ನಾನೇ ಬರ್ದಿದ್ದು ಅಂತ ಒಂದ್ ಮಾತು ಏಳಿ ಸಾಕು. ಸುಳ್ಳು ಏಳಿ ಅಂತಿಲ್ಲ ನಾನು."

ಅದೇ ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಸುಳ್ಳು ಹೇಳು ಅಂದಿದ್ದರೆ ಹೊರಗೆ ಅಟ್ಟಬಹುದಿತ್ತು. ಕೇಳಿದ್ದು ನಿಜವನ್ನೇ.

ಅವರು ಹೋದ ಮೇಲೆ ದಾಕ್ಷಾಯಣಮ್ಮನವರ ಪ್ರಬಂಧ ತೆಗೆದು ಕೂತೆ. ಇದನ್ನೇ ಅಧಿಕಾರಿಯ ಮುಂದೆ ಇಡೋಣ ಅಂತ. ಆಗ ಕಣ್ಣಿಗೆ ಬಿತ್ತು, ಮೊದಲು ಓದಿದಾಗ ಲೆಕ್ಕಕ್ಕೇ ತೆಗೆದುಕೊಳ್ಳದ ವಿಷಯ. ಊರಿನ ಹೆಸರು ಸಿರಿಹಳ್ಳಿ. ಕುಳವಾಡಿಯ ಹೆಸರು ಕರಿಯ. ಪಟೇಲರ ಹೆಸರು ಇನ್ನೇನೋ. ಜನರಿಗೆ ತೊಂದರೆಯಾಗದಿರಲಿ ಅಂತ ಊರು, ಹೆಸರು ಎಲ್ಲ ಬದಲಿಸಿದ್ದೇನೆ, ಇದು ನಮ್ಮ ಶಾಸ್ತ್ರದ ಧರ್ಮ ಅಂತ ಮೊದಲ ಪುಟದಲ್ಲೇ ಬರೆದಿದ್ದರು. ತಪ್ಪು ಬರೆದ ಪುಸ್ತಕದಲ್ಲಿ ನಿಜವಾದ ಹೆಸರು. ಸರಿ ಬರೆದ ಪುಸ್ತಕದಲ್ಲಿ ಸುಳ್ಳು ಹೆಸರು. ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ದೆಹಲಿಯಲ್ಲಿದ್ದ ದಾಕ್ಷಾಯಣಮ್ಮನವರಿಗೆ ಕಾಗದ ಬರೆದೆ. ಸಿರಿಹಳ್ಳಿ ಅಂದರೆ ಬಸರಿಕೊಪ್ಪಲು, ಕರಿಯ ಅಂದರೆ ಹುಚ್ಚಯ್ಯ ಅಂತ ಎರಡು ಸಾಲು ಸಹಿ ಹಾಕಿ ಕಳಿಸಿ ಅಂತ ಬೇಡಿಕೊಂಡೆ. ಹತ್ತು ದಿನಕ್ಕೆ ಉತ್ತರ ಬಂತು. ಎಷ್ಟೋ ಮನೆಯವರು ನಂಬಿಕೆಯಿಂದ ಒಳಗಿನ ಮಾತು ಹೇಳಿದ್ದಾರೆ, ಊರಿನ ಹೆಸರು ಬಿಟ್ಟುಕೊಟ್ಟರೆ ಅವರೆಲ್ಲರ ಮಾನ ಬಯಲಾಗುತ್ತದೆ, ನಾನು ಮಾತು ಕೊಟ್ಟಿದ್ದೇನೆ, ದಯವಿಟ್ಟು ಕ್ಷಮಿಸಿ. ಕಾಗದದ ಮೇಲೆ ಕಣ್ಣೀರು ಬಿದ್ದ ಗುರುತೂ ಇತ್ತು. ನನಗೆ ಆ ಕಣ್ಣೀರು ಬೇಕಿರಲಿಲ್ಲ, ಸಹಿ ಬೇಕಿತ್ತು.

ಮಾಯಮ್ಮನಿಗೆ ಓದಿ ಹೇಳಿದೆ. ಅವಳು ಗಿರಣಿಯಿಂದ ನೇರ ಬಂದಿದ್ದಳು, ತಲೆಯೆಲ್ಲ ತೌಡು.

"ನಮ್ಮುನ್ನ ಕಾಪಾಡಕೆ ನಮ್ ಎಸ್ರು ತಗುದ್ರಾ? ನಮ್ಮುನ್ನ ಒಂದ್ ಮಾತು ಕೇಳುದ್ರಾ ಮೇಷ್ಟ್ರೇ, ತಗೀಲಾ ಬ್ಯಾಡ್ವಾ ಅಂತ? ಅವತ್ತು ನೀವು ಕೇಳ್ದೆ ಬರುದ್ರಿ, ಇವತ್ತು ಅವ್ರು ಕೇಳ್ದೆ ಅಳ್ಸುದ್ರು. ಬರ್ಯೋದೂ ನಿಮ್ ಕೈಲಿ, ಅಳ್ಸೋದೂ ನಿಮ್ ಕೈಲಿ."

ಅವಳು ಹೋದ ಮೇಲೆ ನನ್ನ ಹೆಂಡತಿ ರಾಜೀಮತಿ ಒಳಗಿನಿಂದ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಮೊದಲು ಆ ಬಾಳೆಗೊನೆ ವಾಪಸ್ ಕಳಿಸಿ. ಆಮೇಲೆ ಆ ಇಂಗ್ಲಿಷ್ ಪುಸ್ತಕಗಳನ್ನ ಅತ್ತ ಇಡಿ. ಅವತ್ತು ಮರದ ಕೆಳಗೆ ಕೂತು ಕನ್ನಡದಲ್ಲಿ ಏನು ಗೀಚಿಕೊಂಡಿರೋ ಅದು ಎಲ್ಲಿ?"

"ಯಾವುದು?"

"ಉದ್ದನೆ ನೋಟ್‌ಬುಕ್ಕು. ಮದುವೆಯಾದ ಹೊಸದರಲ್ಲಿ ದಿನಾ ತೋರಿಸಿ ಜಂಬ ಕೊಚ್ಚುತ್ತಿದ್ದಿರಲ್ಲ. ಅಟ್ಟದ ಮೇಲೆ ಟ್ರಂಕಿನಲ್ಲಿದೆ."

ಇತ್ತು. ಅಂಚು ಗೆದ್ದಲು ತಿಂದಿತ್ತು, ಅಕ್ಷರ ಉಳಿದಿತ್ತು. ಹನ್ನೆರಡನೆಯ ಆಸಾಮಿ, ಹುಚ್ಚಯ್ಯ, ಬಸರಿಕೊಪ್ಪಲು. ಪ್ರಶ್ನೆ ಒಂಬತ್ತು, ಹನ್ನೊಂದು, ಹದಿನಾಲ್ಕು. ಇಂಗ್ಲಿಷಿಗೆ ತಿರುಗಿಸುವ ಮೊದಲು ಕೇಳಿದ್ದನ್ನು ಕೇಳಿದ ಹಾಗೆ ಬರೆದಿದ್ದೆ. ಓದಿದೆ, ಇನ್ನೊಮ್ಮೆ ಓದಿದೆ, ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಡಿಸೆಂಬರ್‌ನಲ್ಲಿ ಮಲ್ಲಿಪಟ್ಟಣದ ಶಾಲೆಯ ವರಾಂಡದಲ್ಲಿ ವಿಚಾರಣೆ. ಅಧಿಕಾರಿ ದಪ್ಪ ಕನ್ನಡಕದವರು, ಹೆಚ್ಚು ಮಾತಿಲ್ಲ. ಒಂದು ಕಡೆ ಪಟೇಲರು ಮತ್ತು ಅವರ ಕಡೆಯ ಹತ್ತು ಜನ. ಇನ್ನೊಂದು ಕಡೆ ಮೆಟ್ಟಿಲ ಕೆಳಗೆ, ಬಿಸಿಲಿನಲ್ಲಿ, ಹುಚ್ಚಯ್ಯನವರು ಮತ್ತು ಮಾಯಮ್ಮ. ಆ ಒಂದೂವರೆ ಎಕರೆ ಹೋದರೆ ಅರವತ್ತೆರಡನೇ ವಯಸ್ಸಿನಲ್ಲಿ ಅವರು ಬೇರೆಯವರ ಗದ್ದೆಗೆ ಕೂಲಿ ಹೋಗಬೇಕಿತ್ತು. ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಅಧಿಕಾರಿ ವರದಿಯ ವಾಕ್ಯವನ್ನು ಓದಿ ನನ್ನನ್ನು ಕರೆದರು. "ಇದು ನೀವು ಬರೆದದ್ದೋ?"

"ನಾನೇ ಸಾರ್. ಆದರೆ ಇದು ಪೂರ್ತಿ ಅಲ್ಲ. ಅವತ್ತು ನಡೆದದ್ದು ಇಲ್ಲಿದೆ." ನೋಟ್‌ಬುಕ್ ತೆಗೆದೆ. "ಗುಡಿಸಲು ಯಾರದು, ಗೌಡರದೇ. ಮಗಳು, ಗೌಡರ ಮಗಳೇ. ಗದ್ದೆ, ಅದೂ ಗೌಡರದೇ. ಮೂರು ಉತ್ತರ, ಸಾರ್. ಒಂದೇ ಬಾಯಿ, ಒಂದೇ ನಿಮಿಷ. ಒಂದನ್ನು ಕೇಳಿ ನಕ್ಕೆ, ಇನ್ನೊಂದನ್ನು ಅಚ್ಚು ಹಾಕಿಸಿದೆ. ತಪ್ಪು ನನ್ನದು."

ಜನ ಗುಸುಗುಸು ಅಂದರು. ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು.

ಬೋರಪ್ಪನವರು ಎದ್ದರು. "ಮಕ್ಳ ವಿಚಾರ ಮಾತಿಗೆ ಅನ್ನೋದು ಸಾ. ಅದು ಬ್ಯಾರೆ. ಗದ್ದೆ ವಿಚಾರ ಬ್ಯಾರೆ."

ಮಾಯಮ್ಮ ಮೆಟ್ಟಿಲು ಹತ್ತಿ ವರಾಂಡಕ್ಕೆ ಬಂದಳು. ಅಲ್ಲಿಗೆ ಅವರ ಕೇರಿಯವರು ಯಾರೂ ಹತ್ತಿದ್ದನ್ನು ನಾನು ನೋಡಿರಲಿಲ್ಲ.

"ಯಾಕ್ ಬ್ಯಾರೆ ಸಾ? ನಾನೂ ಅವತ್ತು ಅಲ್ಲೇ ನಿಂತಿದ್ದೆ. ಆ ಬುಕ್ಕು ಸತ್ಯ ಅಂತ ಗೌಡ್ರು ಏಳ್ತಾವ್ರೆ. ಆಗ್ಲಿ, ಸತ್ಯವೇ. ಗದ್ದೆ ಗೌಡ್ರುದು ಅಂತ ಬರ್ಕಳಿ. ಅದ್ರ ಪಕ್ಕದಲ್ಲೇ ನಾನು ಗೌಡ್ರ ಮಗ್ಳು ಅಂತಾನೂ ಬರ್ಕಳಿ. ಎಣ್ಮಕ್ಳಿಗೂ ಆಸ್ತಿ ಐತೆ ಅಂತ ಕಾನೂನು ಬಂದು ಅತ್ತು ವರ್ಷ ಆಯ್ತು. ಅವ್ರ ಮನೆ, ಅವ್ರ ತ್ವಾಟ, ಅವ್ರ ಗದ್ದೆ, ಎಲ್ಲದ್ರಲ್ಲೂ ನನ್ ಪಾಲು ಬರ್ಕಳಿ."

ಬೋರಪ್ಪನವರ ಮುಖ ಕಪ್ಪಿಟ್ಟಿತು. "ಲೇ, ನಾಲಿಗೆ ಬಿಗಿ ಇಡ್ಕೊಂಡ್ ಮಾತಾಡು. ಯಾರ್ಲಾ ಇವ್ಳಿಗೆ ಏಳ್ಕೊಟ್ಟೋರು?"

"ಯಾರೂ ಏಳ್ಕೊಡ್ಲಿಲ್ಲ. ನಮ್ಮಪ್ಪ ಏಳ್ದ. ನಿಮ್ ಬುಕ್ಕು ಏಳ್ತು."

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಹುಚ್ಚಯ್ಯನವರನ್ನು ಮೇಲಕ್ಕೆ ಕರೆದರು. ಅವರು ಮೆಟ್ಟಿಲ ಬಳಿ ಬಂದು, ಹತ್ತದೆ, ಅಲ್ಲೇ ನಿಂತರು.

"ಕುಳವಾಡಿ, ಈ ಹುಡುಗಿ ಯಾರ ಮಗಳು?"

ಹುಚ್ಚಯ್ಯನವರ ಕೈ ತಾನಾಗಿ ಜೋಡಿಸಿಕೊಂಡಿತು. ಮುಖ ತಾನಾಗಿ ಪಟೇಲರ ಕಡೆ ತಿರುಗಿತು. ತುಟಿ ಅಲುಗಿದ್ದನ್ನು ನಾನು ನೋಡಿದೆ, ಯಾವ ಮಾತು ಬರಲಿದೆ ಅಂತಲೂ ಗೊತ್ತಾಯಿತು. ಮಾಯಮ್ಮ ಅಪ್ಪನ ಕಡೆ ನೋಡಲಿಲ್ಲ. ಅಧಿಕಾರಿಯ ಪೆನ್ನನ್ನೇ ನೋಡುತ್ತಾ ನಿಂತಿದ್ದಳು.

ಅರವತ್ತೆರಡು ವರ್ಷ ಆ ಮಾತು ಹೇಳಿದವರು. ಯಾರೂ ಬರೆದುಕೊಳ್ಳುವುದಿಲ್ಲ ಅಂತ ನಂಬಿ ಹೇಳಿದವರು. ಇವತ್ತು ಹೇಳಿದರೆ ಎದುರಿಗೆ ಕಾಗದ ಇದೆ, ಬರೆದುಕೊಳ್ಳುತ್ತಾರೆ. ಮಗಳನ್ನೇ.

ಜೋಡಿಸಿದ ಕೈ ಕೆಳಗೆ ಬಂತು.

"ನನ್ ಮಗ್ಳು ಸಾ," ಅಂದರು.

"ಗದ್ದೆ?"

"ಅದೂ ನಂದೇ." ಕಣ್ಣು ಮುಚ್ಚಿಕೊಂಡರು, ತಲೆಯ ಮೇಲೆ ಮಣ್ಣಿನ ಮುದ್ದೆ ಇದೆಯೇನೋ ಅನ್ನುವ ಹಾಗೆ ಕತ್ತು ನೆಟ್ಟಗೆ ಮಾಡಿದರು. "ಮೂಡಲಿಗೆ ಕಾಲ್ವೆ. ಕಾಲ್ವೆಯಿಂದ ಅನ್ನೆಲ್ಡು ಮಾರು ಬಂದ್ರೆ ನೇರಳೆ ಮರ, ಮರ ಓಗೈತೆ, ಬೊಡ್ಡೆ ಐತೆ. ತೆಂಕಲಿಗೆ ಅಗಸರ ಗದ್ದೆ ಬದ. ಪಡುವಲಿಗೆ ಎಲ್ಡು ಕಲ್ಲು, ಒಂದು ನೆಟ್ಟಗೈತೆ, ಒಂದು ವಾಲೈತೆ. ಬಡಗಲಿಗೆ ಗೌಡ್ರ ಗದ್ದೆ." ಕಣ್ಣು ಬಿಟ್ಟು ಬೋರಪ್ಪನವರನ್ನು ನೋಡಿದರು. "ಅದು ಗೌಡ್ರುದೇ. ನಡ್ವೆ ಇರೋದು ನಂದು."

ಅಧಿಕಾರಿ ಆ ಮಧ್ಯಾಹ್ನವೇ ಸ್ಥಳಕ್ಕೆ ಹೋಗಿ ನೋಡಿದರು. ನೇರಳೆಯ ಬೊಡ್ಡೆ ಮಣ್ಣೊಳಗೆ ಹೂತಿತ್ತು, ಅಗೆದಾಗ ಸಿಕ್ಕಿತು. ವಾಲಿದ ಕಲ್ಲೂ ಇತ್ತು. ಎರಡು ಊರಿನ ಎಲ್ಲೆ ನಡೆದವನ ಮಾತನ್ನು ಐವತ್ತೆಂಟರಲ್ಲಿ ನೀವೇ ಒಪ್ಪಿದ್ದಿರಲ್ಲ ಅಂತ ಅಧಿಕಾರಿ ಪಟೇಲರನ್ನು ಒಂದು ಮಾತು ಕೇಳಿದರಂತೆ. ಅರವತ್ತೇಳರ ಏಪ್ರಿಲ್‌ನಲ್ಲಿ ಹುಚ್ಚಯ್ಯನವರ ಹೆಸರಿಗೆ ಆದೇಶ ಬಂತು. ಆ ವರ್ಷ ಅವರ ಗದ್ದೆಗೆ ಕಾಲುವೆ ನೀರು ಸರಿಯಾಗಿ ಬರಲಿಲ್ಲ, ಜೂನ್‌ನಲ್ಲಿ ನನಗೆ ದೂರದ ಊರಿಗೆ ವರ್ಗವಾಯಿತು. ಎರಡಕ್ಕೂ ಕಾರಣ ಯಾರೂ ಬರೆದಿಡಲಿಲ್ಲ.

ಹೋದ ವರ್ಷ ದಾಕ್ಷಾಯಣಮ್ಮನವರ ಪುಸ್ತಕ ಅಚ್ಚಾಗಿ ಅಂಚೆಯಲ್ಲಿ ಬಂತು. ಒಳ್ಳೆಯ ಕಾಗದ, ರಟ್ಟಿನ ಮೇಲೆ ಕೆರೆಯ ಚಿತ್ರ. ರಜೆಯಲ್ಲಿ ಹಾಸನದಿಂದ ಬಸ್ ಹಿಡಿದು ಬಸರಿಕೊಪ್ಪಲಿಗೆ ಒಯ್ದೆ. ಗದ್ದೆಯ ಬದುವಿನ ಮೇಲೆ ಕೂತು ಐದನೇ ಅಧ್ಯಾಯವನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ಹುಚ್ಚಯ್ಯನವರು ಗಮನವಿಟ್ಟು ಕೇಳಿದರು. ಕೊನೆಗೆ ಕೇಳಿದರು, "ಈ ಕರಿಯ ಅನ್ನೋನು ಯಾರು ಮೇಷ್ಟ್ರೇ? ನಮ್ಮೂರ್ ಸಮಾಚಾರವೆಲ್ಲ ಅವ್ನಿಗೆ ಎಂಗ್ ಗೊತ್ತು?"

"ನೀವೇ," ಅಂದೆ.

ಅವರು ಬಗ್ಗಿ ಆ ಪುಟವನ್ನೇ ನೋಡಿದರು.

ಮಾಯಮ್ಮ ಪೈರಿನಿಂದ ಎದ್ದು ಬಂದಳು. ಕೆಸರು ಕೈಯನ್ನು ಸೆರಗಿಗೆ ಒರೆಸಿಕೊಂಡು, ನನ್ನ ಜೇಬಿನ ಪೆನ್ನು ತೆಗೆದು ನನ್ನ ಕೈಗೇ ಕೊಟ್ಟಳು. "ಕಾಟು ಒಡೀರಿ ಮೇಷ್ಟ್ರೇ. ಕರಿಯ ಅಂತ ಇರೋ ಕಡೆಯೆಲ್ಲ ಒಡುದು ಹುಚ್ಚಯ್ಯ ಅಂತ ಬರೀರಿ. ಊರಿನ್ ಎಸ್ರೂ ಬರೀರಿ. ನಿಮ್ ಕೈಲೇ ಬರೀರಿ."

ಬರೆದೆ. ಐದನೇ ಅಧ್ಯಾಯದಲ್ಲೇ ಎಪ್ಪತ್ತನಾಲ್ಕು ಕಡೆ ಇತ್ತು. ಹೊತ್ತು ಇಳಿಯುವವರೆಗೂ ಹುಚ್ಚಯ್ಯನವರು ಪಕ್ಕದಲ್ಲಿ ಕೂತು ಒಂದೊಂದನ್ನೂ ನೋಡಿದರು. ಓದು ಬಾರದಿದ್ದರೂ ಸ್ವಲ್ಪ ಹೊತ್ತಿಗೆ ಆ ಅಕ್ಷರದ ಆಕಾರ ಅವರಿಗೆ ಗುರುತು ಸಿಕ್ಕಿತು. ಒಂದು ಕಡೆ ಬಿಟ್ಟುಹೋಗಿದ್ದನ್ನು ಅವರೇ ಬೆರಳಿಟ್ಟು ತೋರಿಸಿದರು.

ಬಸ್ಸಿಗೆ ಹೊತ್ತಾಯಿತು. ಪುಸ್ತಕ ತೆಗೆದುಕೊಳ್ಳಲು ಕೈ ಚಾಚಿದೆ. ಅವರು ಕೊಡಲಿಲ್ಲ, ಮಡಿಲಿನ ಹತ್ತಿರ ಎಳೆದುಕೊಂಡರು.

"ಇದು ನಂದು ಮೇಷ್ಟ್ರೇ," ಅಂದರು.

ನಾನು ಬರಿಗೈಯಲ್ಲಿ ಬಸ್ ಹತ್ತಿದೆ.